ಅನ್ನ ಸಿಕ್ಕಿಕೊಂಡ ದಿನದಿಂದ

ಜೀರ್ಣಾಂಗಗಳ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಅಂದರೆ ಈಗ ಮಾತು ನೇರ ರೋಬೋಟಿಗೆ ಹೋಗುತ್ತದೆ. ಕಾರವಾರದಿಂದ ಅಪ್ಪನನ್ನು ಕರೆತಂದ ಮಗ ಮೊದಲು ಕೇಳುವುದೂ ಅದನ್ನೇ. ಮೂರು ದಶಕ ಇದೇ ಕೆಲಸದಲ್ಲಿರುವ ನನಗೆ ಇದು ಚರಿತ್ರೆಯನ್ನು ತಪ್ಪಾಗಿ ಓದಿದಂತೆ ಕಾಣುತ್ತದೆ. ಉಪಕರಣಗಳಿಗಿಂತ ಹೆಚ್ಚಾಗಿ, ತಾಳ್ಮೆಯಿಂದ ಲೆಕ್ಕ ಇಟ್ಟವರು ಈ ಕ್ಷೇತ್ರವನ್ನು ಬೆಳೆಸಿದ್ದಾರೆ.

ಮೊದಲ ಅರ್ಧ ಶತಮಾನ ಧೈರ್ಯವಂತರದು. 1881ರಲ್ಲಿ ವಿಯೆನ್ನಾದ ಬಿಲ್ರೋಥ್ ಜಠರದ ಗಡ್ಡೆ ತೆಗೆದು ಉಳಿದ ಭಾಗವನ್ನು ಕರುಳಿಗೆ ಹೊಲಿದರು; ರೋಗಿ ಬದುಕಿದ್ದು ನಾಲ್ಕು ತಿಂಗಳು. 1913ರಲ್ಲಿ ಟೊರೆಕ್ ಅನ್ನನಾಳಕ್ಕೆ ಕೈಹಾಕಿದರು, 1935ರಲ್ಲಿ ವಿಪಲ್ ಮೇದೋಜ್ಜೀರಕ ಗ್ರಂಥಿಯ ಸುತ್ತಲಿನ ಗಡ್ಡೆಗೆ. ನಮ್ಮಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್ 1941ರಲ್ಲಿ, ಬೆಂಗಳೂರಿನ ಕಿದ್ವಾಯಿ 1973ರಲ್ಲಿ ಶುರುವಾದವು. 1982ರಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಆರಂಭವಾದ ಮೇಲೆ, ಜಠರ ಮತ್ತು ಅನ್ನನಾಳದ ಕ್ಯಾನ್ಸರು ಅಲ್ಲಿ ಎಷ್ಟು ದೊಡ್ಡ ಹೊರೆ ಎಂಬುದು ಅಂಕಿಗಳಲ್ಲಿ ಕಂಡಿತು.

ನಮ್ಮ ಪೀಳಿಗೆಯನ್ನು ತಿದ್ದಿದ ಪಾಠ ಹಾಲೆಂಡಿನದು. ಜಠರದ ಸುತ್ತಲಿನ ದುಗ್ಧಗ್ರಂಥಿಗಳನ್ನು ವಿಸ್ತಾರವಾಗಿ ತೆಗೆಯಬೇಕು ಎಂದು ಜಪಾನೀಯರು ಬಹುಕಾಲದಿಂದ ಹೇಳುತ್ತಿದ್ದರು. ಡಚ್ಚರು 711 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿದಾಗ, ವಿಸ್ತೃತ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 10 ಮಂದಿ ಆಸ್ಪತ್ರೆಯಲ್ಲೇ ಸತ್ತರು, ಹತ್ತಿರದ ಗ್ರಂಥಿಗಳನ್ನಷ್ಟೇ ತೆಗೆದ ಇನ್ನೊಂದು ಗುಂಪಿನಲ್ಲಿ ಶೇ. 4. ವಿಧಾನವೇ ಸುಳ್ಳು ಎಂದು ಹಲವರು ಕೈಬಿಟ್ಟರು. ಆದರೆ ಡಚ್ಚರು ಎಣಿಸುವುದನ್ನು ನಿಲ್ಲಿಸಲಿಲ್ಲ. 2010ರಲ್ಲಿ, 15 ವರ್ಷಗಳ ಲೆಕ್ಕ ಬಂದಾಗ, ಜಠರದ ಕ್ಯಾನ್ಸರಿನಿಂದಲೇ ಸತ್ತವರು ವಿಸ್ತೃತ ಗುಂಪಿನಲ್ಲಿ ಶೇ. 37, ಇನ್ನೊಂದರಲ್ಲಿ ಶೇ. 48. ಆರಂಭದ ಆ ಸಾವುಗಳಲ್ಲಿ ದೊಡ್ಡ ಪಾಲು, ಜೊತೆಗೆ ಗುಲ್ಮವನ್ನೂ ಮೇದೋಜ್ಜೀರಕದ ಬಾಲವನ್ನೂ ತೆಗೆದದ್ದರದು. ಅವೆರಡನ್ನು ಉಳಿಸಿ ಗ್ರಂಥಿಗಳನ್ನು ಮಾತ್ರ ಬಿಡಿಸುವುದನ್ನು ನಾವು ಕೈಗೆ ರೂಢಿಸಿಕೊಂಡೆವು. ನನ್ನ ವೃತ್ತಿಜೀವನದಲ್ಲಿ ಇಷ್ಟು ದೊಡ್ಡ ಪಾಠ ಇನ್ನೊಂದಿಲ್ಲ.

ಅನ್ನನಾಳದಲ್ಲೂ ಹೀಗೇ ಲೆಕ್ಕ ಇಟ್ಟವರಿದ್ದಾರೆ. ಕೊಯಮತ್ತೂರಿನ ಶಸ್ತ್ರಚಿಕಿತ್ಸಕ ಪಳನಿವೇಲು ಅವರು 2006ರಲ್ಲಿ 130 ರೋಗಿಗಳ ಅನುಭವ ಪ್ರಕಟಿಸಿದರು: ರೋಗಿಯನ್ನು ಬೋರಲು ಮಲಗಿಸಿ, ಎದೆ ಸೀಳದೆ, ಎದೆದರ್ಶಕದಿಂದ (ಥೊರಾಕೋಸ್ಕೋಪ್) ಅನ್ನನಾಳ ಬಿಡಿಸುವ ವಿಧಾನ. ಅದನ್ನು ಬೆಳೆಸಿದ್ದರಲ್ಲಿ ಇಲ್ಲಿಯವರ ಪಾಲು ದೊಡ್ಡದು, ಹೊರಗಿನವರೂ ಕಲಿತರು. ಅನ್ನನಾಳದ ಕ್ಯಾನ್ಸರಿನ ಬಗ್ಗೆ 2012ರಲ್ಲಿ ಪ್ರಕಟವಾದ ಕ್ರಾಸ್ ಪ್ರಯೋಗದಲ್ಲಿ, ಮೊದಲು ಕಿಮೋ ಮತ್ತು ರೇಡಿಯೇಷನ್ ಕೊಟ್ಟು ನಂತರ ಕತ್ತರಿಸಿದಾಗ ಮಧ್ಯಕ ಆಯುಷ್ಯ 24 ತಿಂಗಳಿಂದ 49ಕ್ಕೇರಿತು. ಅನ್ನನಾಳದಲ್ಲಿ ನಮ್ಮಲ್ಲಿ ಹೆಚ್ಚು ಕಾಣುವ ಬಗೆಯ ಗಡ್ಡೆಗೆ ಲಾಭ ಇನ್ನೂ ಹೆಚ್ಚು. ಕತ್ತಿ ಹಿಡಿದವರು ವಾರಗಟ್ಟಲೆ ಕಾಯಲು ಕಲಿತದ್ದು ಸಣ್ಣ ಸಂಗತಿಯಲ್ಲ.

ಕರಾವಳಿಯಲ್ಲಿ ಕ್ಯಾನ್ಸರಿನ ಕಾರಣದ ಮಾತೂ ಅವಸರದ್ದೇ. ಒಣಮೀನು ಎಂದು ಒಬ್ಬರು, ಕೈಗಾ ಅಣುಸ್ಥಾವರ ಎಂದು ಇನ್ನೊಬ್ಬರು. ಊರೂರಿನ ಎಣಿಕೆಯಿಲ್ಲದೆ ಎರಡನ್ನೂ ಹೇಳಲಾಗದು, ಅಲ್ಲಗಳೆಯಲೂ ಆಗದು. ಆದರೆ ತಂಬಾಕಿನ ಕವಳದಿಂದ ಅನ್ನನಾಳದ ಕ್ಯಾನ್ಸರ್ ಬರುತ್ತದೆ ಎಂಬುದು ಸಾಬೀತಾಗಿದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಜಠರದ ಕ್ಯಾನ್ಸರಿಗೆ ಕಾರಣವೆಂದು 1994ರಲ್ಲೇ ಹೇಳಿದೆ. ಇವೆರಡರ ಬಗ್ಗೆ ಜಾತ್ರೆ, ಸಂತೆಗಳಲ್ಲಿ ಯಾರೂ ಮಾತಾಡುವುದನ್ನು ನಾನು ಕೇಳಿಲ್ಲ.

2019ರಲ್ಲಿ ಉತ್ತರ ಕನ್ನಡದ ಯುವಕರು ಜಾಲತಾಣಗಳಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಎತ್ತಿದ ಕೂಗು ನ್ಯಾಯದ್ದು. ಅದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಮೇದೋಜ್ಜೀರಕ, ಅನ್ನನಾಳದಂಥ ದೊಡ್ಡ ಶಸ್ತ್ರಚಿಕಿತ್ಸೆ ಹೆಚ್ಚು ನಡೆಯುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂದು 2002ರ ಬರ್ಕ್‌ಮೇಯರ್ ಅಧ್ಯಯನ ತೋರಿಸಿದೆ. ಅದಕ್ಕಾಗಿ ರೋಗಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಮ್ಮೆ ಹೋಗಲಿ. ಎಂಡೋಸ್ಕೋಪಿಗೆ, ಬಯಾಪ್ಸಿಗೆ, ಮುಂದಿನ ಕಿಮೋಗೆ ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟ ಹತ್ತುವಂತಾಗಬಾರದು. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜಿದೆ. ಈ ಮೂರೂ ನಡೆಯಬೇಕಾದ ಜಾಗ ಅದು.

ಕ್ರಾಸ್ ಪ್ರಯೋಗದಲ್ಲಿ ಆಯುಷ್ಯದ ಎಣಿಕೆ ಶುರುವಾಗುವುದು ರೋಗಿ ಪ್ರಯೋಗಕ್ಕೆ ಸೇರಿದ ದಿನದಿಂದ. ರೋಗಿಯ ಎಣಿಕೆ ಅದಕ್ಕೂ ಮುಂಚೆಯೇ ಶುರುವಾಗಿರುತ್ತದೆ. ಅಂಕೋಲೆಯ ಹೆಂಗಸೊಬ್ಬರು, "ಮೊದ್ಲು ಅನ್ನ ಸಿಕ್ತಿತ್ತು ಡಾಕ್ಟ್ರೆ, ಈಗ ಗಂಜಿನೂ ಇಳೂದಿಲ್ಲ" ಅಂದಾಗ, ಮೊದಲು ಅಂದರೆ ಯಾವಾಗ ಎಂದು ಕೇಳಿದೆ. ಗಣಪತಿ ಹಬ್ಬದ ಹೊತ್ತಿಗೆ ಅಂದರು. ನನ್ನ ಎದುರು ಅವರು ಕೂತದ್ದು ಶಿವರಾತ್ರಿ ಕಳೆದ ಮೇಲೆ.