ಗಂಧದಿಂದ ಗಾಲಿಯವರೆಗೆ

ಬೆಂಗಳೂರನ್ನು ನೋಡಬಂದ ಪ್ರವಾಸಿ ತಂಡಗಳನ್ನು ಬಸ್ಸಿನವರು ವಿಧಾನಸೌಧಕ್ಕೂ ಲಾಲ್‌ಬಾಗಿಗೂ ಟಿಪ್ಪುವಿನ ಅರಮನೆಗೂ ಕರೆದೊಯ್ಯುವುದು ವಾಡಿಕೆ. ಅವೆಲ್ಲ ನೋಡತಕ್ಕವೇ. ಆದರೆ ವಾಚಕರೇ, ಈ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಕಾರ್ಖಾನೆಯ ಸಂಬಳದಿಂದ. ಕೋಟೆಗಿರುವಂತೆ ಕಾರ್ಖಾನೆಗೂ ಚರಿತ್ರೆಯುಂಟೆಂಬುದು ಪ್ರವಾಸ ಏರ್ಪಡಿಸುವವರ ಮನಸ್ಸಿಗೆ ಬಂದಂತಿಲ್ಲ. ಮುಂದಿನ ಸಲ ನೆಂಟರಿಷ್ಟರ ತಂಡ ಕೂಡಿದಾಗ, ಒಂದು ದಿನವನ್ನು ಯಶವಂತಪುರದಿಂದ ಯಲಹಂಕದವರೆಗಿನ ಹಾದಿಗೆ ಮೀಸಲಿಡಿ.

ಯಶವಂತಪುರದ ಸಮೀಪ ಮೆಟ್ರೋ ನಿಲ್ದಾಣವೊಂದಕ್ಕೆ ಸಾಬೂನಿನ ಕಾರ್ಖಾನೆಯ ಹೆಸರನ್ನೇ ಇಟ್ಟಿದ್ದಾರೆ. ಗಾಳಿ ಅನುಕೂಲವಾಗಿದ್ದರೆ ದಾರಿ ಕೇಳುವ ಅಗತ್ಯವೇ ಇಲ್ಲ! ಈ ಸಾಬೂನಿನ ಹುಟ್ಟಿಗೆ ಕಾರಣ ಒಂದು ಮಹಾಯುದ್ಧವೆಂದರೆ ಸೋಜಿಗವಾದೀತು. ಶ್ರೀಗಂಧ ಮೈಸೂರು ಸರ್ಕಾರದ ಸ್ವತ್ತು. ಕೊರಡುಗಳು ಹಡಗೇರಿ ಯೂರೋಪಿಗೆ ಹೋಗುತ್ತಿದ್ದವು. ತೈಲ ತೆಗೆದು ಲಾಭ ಮಾಡಿಕೊಳ್ಳುತ್ತಿದ್ದವರು ಅಲ್ಲಿಯವರು. 1914ರಲ್ಲಿ ಯುದ್ಧ ಹತ್ತಿತು, ವ್ಯಾಪಾರ ನಿಂತಿತು, ಗಂಧ ಉಗ್ರಾಣದಲ್ಲೇ ಉಳಿಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಸಂಸ್ಥೆ ಆಗಲೇ ಇಲ್ಲೇ ಪಕ್ಕದಲ್ಲಿತ್ತು. ಅಲ್ಲಿನ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರು ತೈಲ ಇಳಿಸುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲೇ ಗಂಧದೆಣ್ಣೆ ತಯಾರಾಯಿತು. ಎಣ್ಣೆಯ ಹಿಂದೆ ಸಾಬೂನು ಬಂದಿತು. ಅದರ ವಿದ್ಯೆಯನ್ನು ಲಂಡನ್ನಿನಲ್ಲಿ ಕಲಿತು ಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಅದರ ಮುದ್ರೆಯಾದ ಶರಭಕ್ಕೆ ಆನೆಯ ತಲೆ, ಸಿಂಹದ ಮೈ. ಪುರಾಣದ ಶರಭಕ್ಕಾದರೋ ಎಂಟು ಕಾಲು. ವ್ಯಾಪಾರಕ್ಕೆ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆನ್ನೋಣ. ಕಾರ್ಖಾನೆ ಈಗಿರುವ ಜಾಗಕ್ಕೆ ಬಂದದ್ದು 1957ರಲ್ಲಿ.

ಸಮೀಪದಲ್ಲೇ ಮೈಸೂರು ಲ್ಯಾಂಪ್ಸ್ ಇತ್ತು. 1936ರಲ್ಲಿ ಆರಂಭವಾಗಿ, ನಾಡಿನ ಮನೆಮನೆಗೂ ಬಲ್ಬು ಕೊಟ್ಟು, 2003ರಲ್ಲಿ ತಾನೇ ಆರಿಹೋಯಿತು. ಜಾಗವನ್ನು ತೋರಿಸಬಹುದು, ಗಾಜಿನೊಳಗೆ ತಂತಿ ಕೂಡಿಸುವ ಕೈಚಳಕವನ್ನು ತೋರಿಸುವವರು ಯಾರು? ಅಂಥ ಕೆಲಸ ಮಾಡಿದ ಹಿರಿಯರು ನಿಮ್ಮ ಬೀದಿಯಲ್ಲೇ ಇದ್ದಾರು. ಅವರನ್ನು ತಂಡದೊಡನೆ ಕರೆದುಕೊಂಡು ಹೋಗಿ, ಕಿಟಕಿಯ ಪಕ್ಕದ ಜಾಗ ಕೊಡಿ. ಯಾವ ಮಾರ್ಗದರ್ಶಿಯೂ ಅವರಷ್ಟು ಹೇಳಲಾರ.

ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌.ಎಂ.ಟಿ. ಸ್ಥಾಪಿತವಾಯಿತು. ಯಂತ್ರಗಳನ್ನು ಮಾಡುವ ಯಂತ್ರ ಅದರ ಮೂಲ ಕಸುಬು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಕೈಗಡಿಯಾರಗಳು ಹೊರಬಂದವು. ಹತ್ತನೆಯ ತರಗತಿ ತೇರ್ಗಡೆಯಾದ ಮಗನಿಗೆ, ಮದುವೆಯಾಗುವ ಅಳಿಯನಿಗೆ, ನಿವೃತ್ತರಾಗುವ ಮೇಷ್ಟರಿಗೆ ಅದೇ ಉಡುಗೊರೆ. 2016ರಲ್ಲಿ ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. 2019ರಲ್ಲಿ ಜಾಲಹಳ್ಳಿಯಲ್ಲಿ ಅದರ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ಅವಸರ ಮಾಡಬೇಡಿ.

ರೇಡಿಯೋ ಇಟ್ಟುಕೊಂಡ ಮನೆಯವರು ತಿಳಿಯಬೇಕಾದ ಸಂಗತಿ ಜಾಲಹಳ್ಳಿಯಲ್ಲೇ ಇನ್ನೊಂದಿದೆ. 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1964ರಲ್ಲಿ ಆಕಾಶವಾಣಿಗೆ ಪ್ರೇಷಕ ಯಂತ್ರಗಳನ್ನೂ ತಯಾರಿಸಿತು. ಬೆಳಗಿನ ವಾರ್ತೆಗೂ ಈ ಬಡಾವಣೆಗೂ ಹೀಗೊಂದು ಸಂಬಂಧವುಂಟು. ರಕ್ಷಣೆಗೆ ಸೇರಿದ ಕೆಲಸವಾದ್ದರಿಂದ ಒಳಗೆ ಹೋಗುವ ಆಸೆ ಬೇಡ.

ಹೆಬ್ಬಾಳದಲ್ಲಿ ಐದು ನಿಮಿಷ ನಿಂತರೂ ಸಾಕು. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಇಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೊಳಲ್ ಎಂದರೆ ಪಟ್ಟಣ. ಹಿರಿದಾದ ಪೊಳಲು ಪೆರ್ಬೊಳಲ್. ಪಕಾರ ಹಕಾರವಾಗುವುದು ಕನ್ನಡಕ್ಕೆ ಹೊಸತಲ್ಲ.

ಕೊನೆಗೆ ಯಲಹಂಕ, ಕೆಂಪೇಗೌಡರ ವಂಶದ ನೆಲೆ. ಇಲ್ಲಿ 1984ರಲ್ಲಿ ಆರಂಭವಾದ ರೈಲ್ವೆ ಗಾಲಿ ಕಾರ್ಖಾನೆಯಲ್ಲಿ, ಸವೆದ ಗಾಲಿ ಮೊದಲಾದ ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿಗಳನ್ನು ಎರಕ ಹೊಯ್ಯುತ್ತಾರೆ. ನೋಡಬೇಕೆಂದರೆ ಮುಂಚಿತವಾಗಿ ಕಾಗದ ಬರೆದು ಅನುಮತಿ ಕೇಳಿ. ದೊರೆಯದಿದ್ದರೂ ಚಿಂತೆಯಿಲ್ಲ, ಸಂಜೆ ಯಲಹಂಕದಿಂದ ಯಶವಂತಪುರಕ್ಕೆ ರೈಲಿನಲ್ಲೇ ಹಿಂತಿರುಗಿ. ನೀವು ಕುಳಿತ ಬೋಗಿಯ ಕೆಳಗಿನ ಗಾಲಿ ಇಲ್ಲಿಯದೇ ಆಗಿದ್ದೀತು.