ಮಧುನಾಶಿನಿ ಎಲೆ ಅಗಿದರೆ ಸಕ್ಕರೆ ಸಪ್ಪೆ: ರಕ್ತದ ಸಕ್ಕರೆಯೂ ಮಾಯವಾಗುತ್ತದೆಯೇ?

“ಮಧುನಾಶಿನಿ ಎಲೆ ಅಗಿದು ಸಕ್ಕರೆ ತಿನ್ನಿ, ಮಣ್ಣು ತಿಂದ ಹಾಗಾಗುತ್ತದೆ. ಬಾಯಲ್ಲಿ ಸತ್ತ ಸಕ್ಕರೆ ರಕ್ತದಲ್ಲೂ ಸಾಯುತ್ತದೆ. ಇನ್ನು ಶುಗರ್ ಮಾತ್ರೆ ಬೇಡ.” ಇಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಮೊದಲ ಮಾತು ನಿಜ, ಎರಡನೆಯದು ತಪ್ಪು, ಮೂರನೆಯದು ಅಪಾಯ.

ನಾಲಿಗೆಯಲ್ಲಿ ಏನಾಗುತ್ತದೆ?
ಸಿಹಿ ತಗುಲಿದಾಗ ರುಚಿಕೋಶದ ಟಿಆರ್‌ಪಿಎಂ5 ಎಂಬ ಅಯಾನ್ ಚಾನೆಲ್, ಅಂದರೆ ಒಂದು ಪುಟ್ಟ ಬಾಗಿಲು, ತೆರೆಯುತ್ತದೆ. ಸೋಡಿಯಂ ಒಳಗೆ ಬರುತ್ತದೆ, ಮಿದುಳಿಗೆ ‘ಸಿಹಿ’ ಎಂಬ ಸುದ್ದಿ ಹೋಗುತ್ತದೆ. ಮಧುನಾಶಿನಿಯ ಜಿಮ್ನೆಮಿಕ್ ಆಮ್ಲ ಸಿಹಿಯನ್ನು ಗುರುತಿಸುವ ಗ್ರಾಹಕವನ್ನೇ ತಡೆಯುತ್ತದೆ. ಹಾಗಾಗಿ ಸುದ್ದಿ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ರುಚಿ ಮರಳುತ್ತದೆ. ಸಕ್ಕರೆ ಮಾತ್ರ ಸಕ್ಕರೆಯಾಗಿಯೇ ಇರುತ್ತದೆ. ಸಪ್ಪೆ ಎನಿಸಿದ ಶೇಂಗಾ ಹೋಳಿಗೆಯೂ ಹೊಟ್ಟೆ ಸೇರಿ ರಕ್ತದ ಸಕ್ಕರೆ ಏರಿಸುತ್ತದೆ.

ಇನ್ಸುಲಿನ್ ಹೇಗೆ ಬರುತ್ತದೆ?
ಇನ್ಸುಲಿನ್ ಮಾಡುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶ. ಅದರೊಳಗೆ ಗ್ಲೂಕೋಸ್ ಉರಿದು ಶಕ್ತಿಯಾದಾಗ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತದೆ. ಆಗ ಕ್ಯಾಲ್ಸಿಯಂ ಬಾಗಿಲು ತೆರೆದು ಇನ್ಸುಲಿನ್ ಹೊರಬರುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಮಾತ್ರೆಗಳು ಮುಚ್ಚುವುದು ಇದೇ ಪೊಟ್ಯಾಸಿಯಂ ಬಾಗಿಲನ್ನು.

ಈ ಬಾಗಿಲು ಎಷ್ಟು ಮುಖ್ಯ ಎಂಬುದಕ್ಕೆ ಪುರಾವೆ ಹಸುಗೂಸುಗಳಲ್ಲಿದೆ. ಕೆಲವು ಮಕ್ಕಳಿಗೆ ಹುಟ್ಟಿದ ಆರು ತಿಂಗಳೊಳಗೇ ಮಧುಮೇಹ ಬರುತ್ತದೆ. ಈ ಬಾಗಿಲಿನ ಕೆಸಿಎನ್‌ಜೆ11 ಎಂಬ ಜೀನ್‌ನಲ್ಲಿ ದೋಷವಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ ಎಂದು 2004ರಲ್ಲಿ ತಿಳಿಯಿತು. ಅಂಥ ಅನೇಕ ಮಕ್ಕಳು ವೈದ್ಯರ ನಿಗಾದಲ್ಲಿ ಇಂಜೆಕ್ಷನ್ ಬಿಟ್ಟು ಮಾತ್ರೆಗೆ ಬದಲಾದರು.

ನಾಲಿಗೆಯ ಟಿಆರ್‌ಪಿಎಂ5 ಬೀಟಾ ಕೋಶದಲ್ಲೂ ಇದೆ. ಆದರೆ ಅಲ್ಲಿ ಅದು ಇನ್ಸುಲಿನ್‌ಗೆ ನೆರವಾಗುತ್ತದೆ. ಅದಿಲ್ಲದ ಇಲಿಗಳಲ್ಲಿ ಇನ್ಸುಲಿನ್ ಕಡಿಮೆಯೇ ಬಂತು. ಹಾಗಾಗಿ ‘ನಾಲಿಗೆಯಲ್ಲಿ ಆದದ್ದೇ ರಕ್ತದಲ್ಲೂ’ ಎಂಬ ಲೆಕ್ಕ ನಿಲ್ಲುವುದಿಲ್ಲ.

ಹಾಗಾದರೆ ಎಲೆಯಿಂದ ಏನೂ ಲಾಭವಿಲ್ಲವೇ?
ಕೆಲವು ಸಣ್ಣ ಅಧ್ಯಯನಗಳಲ್ಲಿ ರಕ್ತದ ಸಕ್ಕರೆ ಸ್ವಲ್ಪ ಇಳಿದಿದೆ. ಮಾತ್ರೆ ಬಿಡುವಷ್ಟು ಪುರಾವೆ ಅದಲ್ಲ. ಮಾತ್ರೆಯ ಜೊತೆ ಎಲೆಪುಡಿ ಸೇರಿಸಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಗಲಿಬಿಲಿ ಉಂಟಾಗಬಹುದು. ಟೈಪ್ 1 ಮಧುಮೇಹಿಗಳು ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಕುತ್ತು.

ನಾವು ಹೇಳುವುದಿಷ್ಟು: ಕನ್ನೊಳ್ಳಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಶುಗರ್ ಎಷ್ಟಿದೆ ಎಂದು ಹೇಳುವುದು ರಕ್ತಪರೀಕ್ಷೆ, ನಾಲಿಗೆಯಲ್ಲ. ಎಲೆಪುಡಿ ತಿನ್ನುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅವರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಆ ಸಂದೇಶ ಮತ್ತೆ ಬಂದರೆ, ಕಳಿಸಿದವರಿಗೆ ಇದನ್ನು ಕಳಿಸಿ.