ಮಕ್ಕಳ ಮಾತಿಗೆ ಕಿವಿಗೊಡುವವರು ಯಾರು? ಹದಿಹರೆಯದವರ ಮಾನಸಿಕ ಆರೋಗ್ಯ ಕಾರ್ಯಕ್ರಮಗಳ ಅವಲೋಕನ

ಬಿಹಾರದ ನಳಂದ ಜಿಲ್ಲೆಯ ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದರು. ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಮಕ್ಕಳು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬಹುದು, ಹೆಸರು ಬರೆಯಲೇಬೇಕೆಂದಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಾತುಕತೆ, ಗೋಡೆ ಪತ್ರಿಕೆ, ಒಂಬತ್ತನೇ ತರಗತಿಯವರ ಚಿಕ್ಕ ಗುಂಪುಗಳು, ಬೇಕಾದವರಿಗೆ ಆಪ್ತಸಮಾಲೋಚನೆ ಇವೆಲ್ಲ ಆ ಪೆಟ್ಟಿಗೆಯ ಜೊತೆಗಿದ್ದವು. ಕಾರ್ಯಕ್ರಮದ ಹೆಸರು ‘ಸೆಹರ್’.

ಇದನ್ನು ಪರೀಕ್ಷಿಸಿದ ಬಗೆ ಸ್ವಾರಸ್ಯಕರವಾಗಿದೆ. 75 ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದರಲ್ಲಿ ಈ ಕೆಲಸಕ್ಕೆಂದೇ ತರಬೇತಿ ಪಡೆದ, ಮನೋವಿಜ್ಞಾನದ ಪದವಿಯೇನೂ ಬೇಕಿಲ್ಲದ ‘ಮಿತ್ರ’ರು, ಇನ್ನೊಂದರಲ್ಲಿ ಅದೇ ಕಾರ್ಯಕ್ರಮವನ್ನು ನಡೆಸಲು ಶಾಲೆಯದೇ ಶಿಕ್ಷಕರು, ಮೂರನೆಯದರಲ್ಲಿ ಮಾಮೂಲಿ ಹದಿಹರೆಯ ಶಿಕ್ಷಣವಷ್ಟೇ. ಎಂಟು ತಿಂಗಳ ನಂತರದ ಫಲಿತಾಂಶ 2018ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಮಿತ್ರರಿದ್ದ ಶಾಲೆಗಳ ವಾತಾವರಣ ಗಮನಾರ್ಹವಾಗಿ ಸುಧಾರಿಸಿತ್ತು. ಖಿನ್ನತೆಯ ಲಕ್ಷಣಗಳು, ಕಾಡಿಸುವಿಕೆ, ಹಿಂಸೆ ಕಡಿಮೆಯಾಗಿದ್ದವು. ಶಿಕ್ಷಕರು ನಡೆಸಿದ ಶಾಲೆಗಳಿಗೂ ಮಾಮೂಲಿ ಶಾಲೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ಕಾರಣವನ್ನು ಶಿಕ್ಷಕರ ಅಸಡ್ಡೆಯಲ್ಲಿ ಹುಡುಕಿದರೆ ಅನ್ಯಾಯವಾಗುತ್ತದೆ. ಸಿಲಬಸ್ಸು ಮುಗಿಸಬೇಕು, ದಾಖಲೆ ಬರೆಯಬೇಕು, ಚುನಾವಣೆ ಬಂದರೆ ಡ್ಯೂಟಿಗೆ ಹೋಗಬೇಕು. ಇದರ ನಡುವೆ ಮಗುವಿನ ಎದುರು ಅರ್ಧ ಗಂಟೆ ಸುಮ್ಮನೆ ಕೂರುವ ಬಿಡುವಾದರೂ ಎಲ್ಲಿಯದು? ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅಂಕ ಕೊಡುವವರ, ಮನೆಗೆ ದೂರು ಹೇಳಬಲ್ಲವರ ಮುಂದೆ ಹುಡುಗಿಯೊಬ್ಬಳು ತನ್ನ ಭಯವನ್ನು ಬಿಚ್ಚಿಡುವುದು ಸುಲಭವಲ್ಲ.

ಕರ್ನಾಟಕದ ಅನುಭವವನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣ ರಾಜ್ಯದ ನಾಲ್ಕು ಜಿಲ್ಲೆಗಳ ಹೈಸ್ಕೂಲುಗಳಲ್ಲಿ ನಡೆಯಿತು. ಅಲ್ಲಿ ಕಲಿಸಿದವರು ತರಬೇತಿ ಪಡೆದ ಶಿಕ್ಷಕರೇ. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನ, ಕಾರ್ಯಕ್ರಮದಲ್ಲಿದ್ದ 605 ವಿದ್ಯಾರ್ಥಿಗಳನ್ನು ಹತ್ತಿರದ ಬೇರೆ ಶಾಲೆಗಳ 423 ಮಂದಿಯೊಂದಿಗೆ ಹೋಲಿಸಿತು. ಕಾರ್ಯಕ್ರಮದಲ್ಲಿದ್ದವರ ಆತ್ಮಗೌರವ ಹೆಚ್ಚಿತ್ತು, ಕಷ್ಟವನ್ನು ನಿಭಾಯಿಸಬಲ್ಲೆನೆಂಬ ಭರವಸೆ ಹೆಚ್ಚಿತ್ತು, ಶಿಕ್ಷಕರೊಂದಿಗಿನ ಹೊಂದಾಣಿಕೆಯೂ ಚೆನ್ನಾಗಿತ್ತು. ಆದರೆ ಮಾನಸಿಕ ತೊಂದರೆಗಳ ಲಕ್ಷಣಗಳಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ಮನೆಯವರೊಂದಿಗೆ, ಓರಗೆಯವರೊಂದಿಗೆ ಹೊಂದಿಕೊಳ್ಳುವುದರಲ್ಲೂ ಇರಲಿಲ್ಲ. ತರಗತಿಯಲ್ಲಿ ಕಲಿಸಿದ್ದು ಶಾಲೆಯ ಬದುಕನ್ನು ಹಸನಾಗಿಸಿತು, ಮನೆಯ ಹೊಸ್ತಿಲು ದಾಟಲಿಲ್ಲ. ಶಾಲೆಯೊಳಗಿನ ಈ ಸುಧಾರಣೆ ಸಣ್ಣ ಸಾಧನೆಯೇನಲ್ಲ. ಖಿನ್ನತೆಯಿಂದ ನರಳುವ ಮಗುವಿಗೆ ಮಾತ್ರ ಅಷ್ಟು ಸಾಲದು.

ಯುರೋಪಿನ ಪುರಾವೆಯೂ ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿದೆ. ಹತ್ತು ದೇಶಗಳ 168 ಶಾಲೆಗಳ ಸುಮಾರು 11,000 ವಿದ್ಯಾರ್ಥಿಗಳ ಮೇಲೆ ನಡೆದ, 2015ರಲ್ಲಿ ವರದಿಯಾದ ‘ಸೇಲ್’ ಅಧ್ಯಯನದಲ್ಲಿ ಮೂರು ವಿಧಾನಗಳನ್ನು ಒರೆಗೆ ಹಚ್ಚಿದರು. ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟಿದ್ದರಿಂದ ಆತ್ಮಹತ್ಯಾ ಪ್ರಯತ್ನಗಳು ತಗ್ಗಲಿಲ್ಲ. ಪ್ರಶ್ನಾವಳಿಯಿಂದ ಸೋಸಿ ತಜ್ಞರ ಬಳಿ ಕಳಿಸಿದ್ದೂ ಫಲ ಕೊಡಲಿಲ್ಲ. ಮಕ್ಕಳೇ ಪಾತ್ರ ವಹಿಸಿ ಜಗಳ, ಒಂಟಿತನ, ಆಯ್ಕೆಯ ಇಕ್ಕಟ್ಟುಗಳನ್ನು ಆಡಿ ತೋರಿಸುವ ‘ಯಾಮ್’ ಎಂಬ ಕಿರು ಕಾರ್ಯಕ್ರಮದಲ್ಲಿ ಮಾತ್ರ, ಒಂದು ವರ್ಷದ ನಂತರ ಹೊಸದಾಗಿ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಶೇ. 0.70 ಇತ್ತು, ಹೋಲಿಕೆಯ ಗುಂಪಿನಲ್ಲಿ ಅದು ಶೇ. 1.51. ಬ್ರಿಟನ್ನಿನ ಶಾಲೆಗಳಲ್ಲಿ ಶಿಕ್ಷಕರ ಮೂಲಕ ಧ್ಯಾನಾಭ್ಯಾಸ ಕಲಿಸಿದ ‘ಮಿರಿಯಡ್’ ಪ್ರಯೋಗವಂತೂ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲವೆಂದು 2022ರಲ್ಲಿ ತೋರಿಸಿತು.

ನಳಂದದ ಮಿತ್ರರನ್ನು ಹೋಲುವವರು ಕರ್ನಾಟಕದಲ್ಲೂ ಇದ್ದಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ‘ಯುವ ಸ್ಪಂದನ’ದಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ತಮ್ಮದೇ ಜಿಲ್ಲೆಯ ಯುವಜನರ ಓದು, ಸಂಬಂಧ, ಆರೋಗ್ಯದ ಗೊಂದಲಗಳನ್ನು ಕೇಳಿಸಿಕೊಂಡು ದಾರಿ ತೋರಿಸುತ್ತಾರೆ. ಬಂದವರನ್ನು ರೋಗಿಗಳೆಂದು ಕಾಣದಿರುವುದು ಇದರ ದೊಡ್ಡ ಗುಣ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವವರು ಇಂಥಲ್ಲಿಗೆ ಬರುತ್ತಾರೆ.

ಕೊರತೆ ಇರುವುದು ವಯಸ್ಸಿನಲ್ಲಿ. ಯುವ ಸ್ಪಂದನ 15ರಿಂದ 35 ವರ್ಷದವರಿಗೆಂದು ರೂಪುಗೊಂಡದ್ದು. ಮಾನಸಿಕ ತೊಂದರೆಗಳಲ್ಲಿ ಮೂರನೇ ಒಂದರಷ್ಟು 14ರೊಳಗೇ ಶುರುವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ತೊಂದರೆಯಿರುವುದನ್ನು ಗುರುತಿಸಿತು. ತೊಂದರೆ ಶುರುವಾಗುವ ವಯಸ್ಸು, ಯುವ ಸ್ಪಂದನದ 15ರ ಮಿತಿ ಇವೆರಡರ ನಡುವೆ ಎಂಟು, ಒಂಬತ್ತನೇ ತರಗತಿಯ ಬಹಳಷ್ಟು ಮಕ್ಕಳು ಸಿಕ್ಕಿಬೀಳುತ್ತಾರೆ. ‘ಟೆಲಿ ಮನಸ್’ ಸಹಾಯವಾಣಿ 14416 ಹಗಲಿರುಳು ತೆರೆದಿದೆ, ನಿಜ. ಆದರೆ ಕೈಯಲ್ಲಿ ಸ್ವಂತ ಫೋನಿಲ್ಲದ, ಮನೆಯವರ ಕಿವಿ ತಪ್ಪಿಸಿ ಮಾತಾಡಲಾಗದ ಮಗುವಿಗೆ ಅದೂ ದೂರವೇ. ಜೀವನ ಕೌಶಲದ ಪಾಠವನ್ನು ಶಿಕ್ಷಕರು ಮುಂದುವರಿಸಲಿ. ಆಪ್ತವಾಗಿ ಕೇಳಿಸಿಕೊಳ್ಳುವ ಕೆಲಸಕ್ಕೆ ಸರ್ಕಾರ ಪರಿವರ್ತಕರಂಥವರೊಬ್ಬರನ್ನು ಹೋಬಳಿಯ ಹೈಸ್ಕೂಲುಗಳಿಗೆ, ವಾರದ ನಿಗದಿತ ದಿನಗಳಂದು, ಸಂಬಳ ಮತ್ತು ಮೇಲ್ವಿಚಾರಣೆಯೊಂದಿಗೆ ಕಳಿಸಲಿ. ಮೊದಲು ಒಂದು ಜಿಲ್ಲೆಯಲ್ಲಿ ನಡೆಸಿ, ಫಲವನ್ನು ಅಳೆಯುವಾಗ ಎಂಟು ತಿಂಗಳಿಗೇ ನಿಲ್ಲಿಸಬಾರದು. ನಳಂದದಲ್ಲಿ ಕಾರ್ಯಕ್ರಮವನ್ನು ಎರಡನೆಯ ವರ್ಷಕ್ಕೆ ವಿಸ್ತರಿಸಿದಾಗ ಮಿತ್ರರಿದ್ದ ಶಾಲೆಗಳಲ್ಲಿ ಪರಿಣಾಮ ಇನ್ನಷ್ಟು ಹೆಚ್ಚಿತ್ತು.